ಕಲಾವಿದನ ಬದುಕನ್ನು ತೆರೆಯ ಮೇಲೆ ನೋಡುವ ಬಗೆ: ‘ಲೆಟ್ಸ್ ಗೆಟ್ ಲಾಸ್ಟ್’

ಬ್ರೂಸ್ ವೆಬರ್ ನಿರ್ದೇಶನದ ‘ಲೆಟ್ಸ್ ಗೆಟ್ ಲಾಸ್ಟ್’ (1988) ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಹಾಗೂ ಗಾಯಕ ಚೆಟ್ ಬೇಕರ್ (1929–1988) ಅವರ ಸಾಕ್ಷ್ಯರೂಪದ ವ್ಯಕ್ತಿಚಿತ್ರ. ಜೀವನಚರಿತ್ರೆಯಂತೆ ಹುಟ್ಟಿನಿಂದ ಸಾವಿನವರೆಗೆ ಕ್ರಮವಾಗಿ ಸಾಗದೆ, ಮುಖ, ದನಿ ಮತ್ತು ಆಪ್ತರ ಮಾತುಗಳನ್ನು ಅಕ್ಕಪಕ್ಕದಲ್ಲಿಟ್ಟು ತೀರ್ಮಾನವನ್ನು ನೋಡುಗರಿಗೆ ಬಿಡುವುದು ಈ ಪ್ರಕಾರದ ಲಕ್ಷಣ.

ಚಿತ್ರಕ್ಕೂ ಮೊದಲು ಸಂಗೀತವನ್ನು ಕೇಳುವುದು ಒಳಿತು. 1952ರಲ್ಲಿ ಜೆರ್ರಿ ಮಲಿಗನ್ ಕಟ್ಟಿದ ನಾಲ್ವರ ಮೇಳದಲ್ಲಿ, ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಿ ಆಧಾರ ಕೊಡುವ ಪಿಯಾನೋ ಇರಲಿಲ್ಲವಾದ್ದರಿಂದ, ಬೇಕರ್ ಅವರ ಟ್ರಂಪೆಟ್ ಮತ್ತು ಮಲಿಗನ್ನರ ಸ್ಯಾಕ್ಸೊಫೋನ್ ಒಂದನ್ನೊಂದು ಆಲಿಸುತ್ತಲೇ ಸಾಗಬೇಕಾಗಿತ್ತು. ಆ ಮಿತಸ್ವರದ, ಮೃದುವಾದ ವಾದನ ಪರಿಚಿತವಾಗಿದ್ದರೆ, 1987ರಲ್ಲಿ ಕಾನ್ ನಗರದ ಗದ್ದಲದ ಸಭಿಕರನ್ನು ಮೌನವಾಗಿರಲು ಕೋರಿ ಅವರು ‘ಆಲ್ಮೋಸ್ಟ್ ಬ್ಲೂ’ ಹಾಡುವಾಗ, ದನಿ ಸವೆದಿದ್ದರೂ ಸ್ವರಗಳ ನಡುವೆ ಅವಕಾಶ ಬಿಡುವ ವಿವೇಕ ಉಳಿದಿರುವುದು ತಿಳಿಯುತ್ತದೆ.

ಎರಡನೆಯದಾಗಿ, ಬಿಂಬವನ್ನು ಎಚ್ಚರದಿಂದ ನೋಡಬೇಕು. ವೆಬರ್ ಫ್ಯಾಷನ್ ಛಾಯಾಗ್ರಾಹಕರು. ವಿಲಿಯಂ ಕ್ಲಾಕ್ಸ್ಟನ್ 1950ರ ದಶಕದಲ್ಲಿ ತೆಗೆದ ಸುಂದರ ತರುಣ ಬೇಕರ್ ಅವರ ಛಾಯಾಚಿತ್ರಗಳ ಜೊತೆಗೆ ಹೆರಾಯಿನ್ ಚಟದಿಂದ ಕುಸಿದ ಮುಖವನ್ನೂ ಅವರು ಕಪ್ಪು-ಬಿಳುಪಿನಲ್ಲಿ ಅಷ್ಟೇ ಚೆಲುವಾಗಿ ಸೆರೆಹಿಡಿಯುತ್ತಾರೆ. ಈ ಚೆಲುವಿಗೆ ಮನಸೋತು ವ್ಯಸನವನ್ನೇ ವೈಭವೀಕರಿಸದಿರುವುದು ರಸಿಕರ ಹೊಣೆ.

ಮೂರನೆಯದು ಸಾಕ್ಷ್ಯಗಳ ತೂಕ. ಟ್ರಂಪೆಟ್ಟಿನ ನಾದ ತುಟಿಗಳ ಕಂಪನದಿಂದ ಹುಟ್ಟುತ್ತದೆ. ಆ ತುಟಿಗಳಿಗೆ ಒಳಗಿನ ಆಸರೆ ಹಲ್ಲುಗಳು. 1966ರಲ್ಲಿ ತಮ್ಮ ಮೇಲೆ ನಡೆದ ಹಲ್ಲೆಯ ನಂತರ ಹಲ್ಲುಗಳನ್ನು ಕಳೆದುಕೊಂಡ ಬೇಕರ್, ಕೃತಕ ದಂತಪಂಕ್ತಿಯೊಡನೆ ನುಡಿಸುವುದನ್ನು ಮತ್ತೆ ಕಲಿಯಬೇಕಾಯಿತು. ಆದರೆ ಆ ಘಟನೆಯನ್ನು ಅವರು ವಿವರಿಸುವ ರೀತಿಯನ್ನು ಚಿತ್ರದಲ್ಲಿ ಅವರ ಆಪ್ತರೇ ಪೂರ್ತಿಯಾಗಿ ಒಪ್ಪುವುದಿಲ್ಲ. ಮಗನಾಗಿ ಅವರು ನಿರಾಸೆ ಉಂಟುಮಾಡಿದರೇ ಎಂಬ ಪ್ರಶ್ನೆಗೆ ತಾಯಿ ಹೌದೆಂದು ಒಪ್ಪಿ ಆ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಇಂಥ ಕಡೆಗಳಲ್ಲಿ ಯಾರು ನಿಜ ಹೇಳುತ್ತಿದ್ದಾರೆ ಎಂಬುದಕ್ಕಿಂತ, ಒಬ್ಬ ವ್ಯಕ್ತಿಯ ಬದುಕಿಗೆ ಎಷ್ಟು ಮಂದಿ ಬೆಲೆ ತೆತ್ತರು ಎಂಬುದು ಮುಖ್ಯವಾಗುತ್ತದೆ.

1988ರ ಮೇ 13ರಂದು ಆಮ್‌ಸ್ಟರ್‌ಡ್ಯಾಮಿನ ಹೋಟೆಲಿನ ಕಿಟಕಿಯಿಂದ ಬಿದ್ದು ಬೇಕರ್ ಮೃತರಾದರು. ಚಿತ್ರ ತೆರೆ ಕಂಡದ್ದು ಆ ಬಳಿಕ. ಆದರೂ ಆ ಅಂತ್ಯವನ್ನು ವಿಧಿಯೆಂಬಂತೆ ಪ್ರತಿ ದೃಶ್ಯದಲ್ಲೂ ಕಾಣುವುದು ಸಲ್ಲದು. ನೋವು ಅವರ ಕಲೆಯ ಮೂಲವಾಗಿರಲಿಲ್ಲ. ಅವರ ಕಲೆ ನೋವನ್ನು ಎದುರಿಸಿಯೂ ಉಳಿದಿತ್ತು. ಈ ವ್ಯತ್ಯಾಸವನ್ನು ಗ್ರಹಿಸಿದವರಿಗೆ ಕಲಾವಿದರ ಕುರಿತ ಯಾವ ಸಾಕ್ಷ್ಯಚಿತ್ರವನ್ನಾದರೂ ನ್ಯಾಯವಾಗಿ ನೋಡಲು ಸಾಧ್ಯ.