ಅರ್ಧ ಗೇಣಿನ ಕಾರು, ಪುಷ್ಯ ಮಳೆಯ ದಾರಿ

ಸ್ಪೋರ್ಟ್ಸ್ ಕಾರಿನ ತಳ ನೆಲದಿಂದ ಸುಮಾರು 100ರಿಂದ 130 ಮಿಲಿಮೀಟರ್ ಮೇಲಿರುತ್ತದೆ, ಅಂದರೆ ಹೆಚ್ಚುಕಡಿಮೆ ಅರ್ಧ ಗೇಣು. ಮಾರುತಿ ಜಿಪ್ಸಿಯದು 210 ಮಿಲಿಮೀಟರ್, ಪೂರ್ತಿ ಗೇಣಿಗೆ ತುಸು ಕಡಿಮೆ. ಮಳೆಗಾಲದ ಮಲೆನಾಡಿನಲ್ಲಿ ಯಾವ ಕಾರು ಓಡಿಸಬಹುದು ಎಂಬ ವಾದವೆಲ್ಲ ಈ ಅರ್ಧ ಗೇಣಿನ ವ್ಯತ್ಯಾಸದ ಸುತ್ತಲೇ ತಿರುಗುತ್ತದೆ. ತಗ್ಗು ಕಾರು ಚಳಿಗಾಲದ ಹಿಮದಲ್ಲಿ ಓಡೀತೇ ಎಂದು ಯುರೋಪಿನವರು ನಡೆಸುವ ಚರ್ಚೆಯೂ ಇದೇ. ತರೀಕೆರೆ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಆದರೆ ಹಿಮ ಕಾರಿಗೆ ಮಾಡುವ ಎರಡು ಕೆಲಸಗಳನ್ನು, ಚಕ್ರದ ಹಿಡಿತ ತಪ್ಪಿಸುವುದು ಮತ್ತು ತಳಕ್ಕೆ ಅಡ್ಡ ಬರುವುದು, ಇಲ್ಲಿ ಮಣ್ಣು ಮತ್ತು ಮಳೆ ಸೇರಿ ಮಾಡುತ್ತವೆ. ಈ ಎರಡು ಕೆಲಸಗಳನ್ನು ಒಂದೇ ಎಂದು ತಿಳಿಯುವುದರಿಂದಲೇ ತಗ್ಗು ಕಾರಿಗೆ ಇಲ್ಲದ ಅಪವಾದ ಬಂದಿದೆ.

ಮೊದಲು ಹಿಡಿತ. ಈ ಸೀಮೆಯಲ್ಲಿ ಜಾರಿಕೆ ಒಂದೇ ಬಗೆಯದಲ್ಲ. ಅಜ್ಜಂಪುರದ ಕಡೆಯ ಎರೆಮಣ್ಣು ನೆನೆದರೆ ಟೈರಿಗೆ ಅಂಟುತ್ತದೆ. ಚಕ್ರ ನಾಲ್ಕು ಸುತ್ತು ಉರುಳುವುದರೊಳಗೆ ಬಟನ್ ನಡುವಿನ ಸಂದುಗಳೆಲ್ಲ ತುಂಬಿ, ಹೊಸ ಟೈರೂ ನುಣ್ಣಗಿನ ಮಣ್ಣುಂಡೆಯಾಗುತ್ತದೆ. ಲಿಂಗದಹಳ್ಳಿ ದಾಟಿ ಬೆಟ್ಟದ ಕಡೆ ಹೊರಟರೆ ನೆಲ ಕೆಂಪಾಗುತ್ತದೆ. ಕೆಮ್ಮಣ್ಣುಗುಂಡಿ ಎಂಬ ಹೆಸರೇ ಅದನ್ನು ಹೇಳುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಈ ಬೆಟ್ಟದಿಂದಲೇ. ಕೆಮ್ಮಣ್ಣಿನ ಮೇಲ್ಪದರ ಸಾಬೂನಿನಂತೆ ಜಾರಿದರೂ ಕೆಳಗಿನ ನೆಲ ಗಟ್ಟಿ. ಬಟನ್ ಆಳವಾಗಿದ್ದರೆ ಟೈರು ಆ ಲೋಳೆಯನ್ನು ಕತ್ತರಿಸಿ ಕೆಳಗಿನ ಗಟ್ಟಿಯನ್ನು ಹಿಡಿಯುತ್ತದೆ. ಮೂರನೆಯದು ಟಾರು ರಸ್ತೆಯದೇ ಜಾರಿಕೆ, ಎಲ್ಲಕ್ಕಿಂತ ಮೋಸದ್ದು. ಕಲ್ಲತ್ತಿಗಿರಿಯ ಆಸುಪಾಸಿನಲ್ಲಿ ಬಿಸಿಲೇ ಕಾಣದ ತಿರುವುಗಳಿವೆ. ಪುನರ್ವಸು, ಪುಷ್ಯ ಮಳೆಗಳು ಹಿಡಿದು ಕೂತಾಗ ಅಲ್ಲಿ ರಸ್ತೆಯ ಅಂಚಿಗೆ ಹಾವಸೆ ಕಟ್ಟುತ್ತದೆ, ಅದರ ಮೇಲೆ ಕೊಳೆತ ಎಲೆ ಬೇರೆ. ಕಣ್ಣಿಗೆ ಕಾಣುವುದು ಟಾರು, ಚಕ್ರಕ್ಕೆ ಸಿಗುವುದು ಲೋಳೆ.

ಲೆಕ್ಕ ಸರಳ. ಒಣ ಟಾರಿನ ಮೇಲೆ ಘರ್ಷಣೆಯ ಗುಣಾಂಕ 0.7 ಎಂದು ಹಿಡಿದರೆ, ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಬ್ರೇಕ್ ಒತ್ತಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದಲ್ಲಿ, ಲೋಳೆ ಮಣ್ಣಿನಲ್ಲಿ ಗುಣಾಂಕ 0.2ರ ಹತ್ತಿರಕ್ಕೆ ಇಳಿಯಬಹುದು. ಆಗ ಅದೇ ಕಾರಿಗೆ 31 ಮೀಟರಿಗೂ ಮಿಕ್ಕಿ ಜಾಗ ಬೇಕು. ಈ ಲೆಕ್ಕದಲ್ಲಿ ಕಾರಿನ ಎತ್ತರ ಎಲ್ಲೂ ಬರುವುದಿಲ್ಲ.

ಎತ್ತರದ ಕಾರಿನ ಪಕ್ಷದವರು ಒಪ್ಪದ ಮಾತು ಇದೇ. ಎಸ್‌ಯುವಿ ಇದ್ದರೆ ಘಾಟಿಯಲ್ಲಿ ಭಯವಿಲ್ಲ ಎಂಬ ನಂಬಿಕೆ ಕಡೂರಿನ ತೆಂಗಿನ ತೋಟದಿಂದ ಲಕ್ಕವಳ್ಳಿಯ ಅಣೆಕಟ್ಟಿನವರೆಗೆ ಬೇರೂರಿದೆ. ಮಾರಾಟವಾಗುವ ಎಸ್‌ಯುವಿಗಳಲ್ಲಿ ಬಹುಪಾಲಿಗೆ ಎರಡೇ ಚಕ್ರಕ್ಕೆ ಎಂಜಿನ್ನಿನ ಎಳೆತ. ನಾಲ್ಕು ಚಕ್ರಕ್ಕೂ ಎಳೆತವಿದ್ದರೂ ಅದು ನೆರವಾಗುವುದು ಹೊರಡಲು, ನಿಲ್ಲಲು ಅಲ್ಲ. ನಿಲ್ಲಿಸುವಾಗ ಎಲ್ಲ ಕಾರಿಗೂ ಬ್ರೇಕ್ ಇರುವುದು ನಾಲ್ಕೇ ಚಕ್ರದಲ್ಲಿ. ತಿರುವಿನಲ್ಲಂತೂ ಭಾರ ನೆಲಕ್ಕೆ ಹತ್ತಿರವಿರುವ ಕಾರು ಓಲಾಡುವುದು ಕಡಿಮೆ, ಚಕ್ರ ಜಾರತೊಡಗಿದ್ದು ಅದರ ಸೀಟಿನಲ್ಲಿ ಕೂತವರಿಗೆ ಬೇಗ ಗೊತ್ತಾಗುತ್ತದೆ. ಎತ್ತರದ ಕಾರಿನಲ್ಲಿ ಆ ಸುದ್ದಿ ತಡವಾಗಿ ಮುಟ್ಟುತ್ತದೆ.

ಇದಕ್ಕೆ ಎಂದೂ ಹಳಸದ ಸಾಕ್ಷಿ 1965ರ ಮಾಂಟೆ ಕಾರ್ಲೋ ರ್‍ಯಾಲಿ. ಆ ಚಳಿಗಾಲ ಫ್ರಾನ್ಸಿನ ಬೆಟ್ಟಗಳಲ್ಲಿ ಹಿಮಗಾಳಿ ಎದ್ದು ದಾರಿಗಳೇ ಮುಚ್ಚಿಹೋದವು. ಹೊರಟ ಕಾರುಗಳು 237. ಹೊತ್ತಿಗೆ ಸರಿಯಾಗಿ ಮಾಂಟೆ ಕಾರ್ಲೋ ಮುಟ್ಟಿದವು ಬರೀ 35. ಒಂದೂ ದಂಡದ ಅಂಕವಿಲ್ಲದೆ ಬಂದು ಗೆದ್ದದ್ದು ಫಿನ್ಲೆಂಡಿನ ಟಿಮೊ ಮ್ಯಾಕಿನೆನ್ ಓಡಿಸಿದ ಮಿನಿ ಕೂಪರ್. ಅದು 10 ಇಂಚಿನ ಚಕ್ರದ, ಮಗುವಿನ ಆಟಿಕೆಯಂತೆ ಕಾಣುವ ತಗ್ಗು ಕಾರು. 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಅದೇ ಜಾತಿಯ ಕಾರಿನಲ್ಲಿ ಗೆದ್ದಾಗಿತ್ತು, 1967ರಲ್ಲಿ ಅದು ಮತ್ತೆ ಗೆದ್ದಿತು. ಮಿನಿಯ ಗುಟ್ಟು ಎತ್ತರದಲ್ಲಿ ಇರಲಿಲ್ಲ. ಅಲೆಕ್ ಇಸಿಗೋನಿಸ್ 1959ರಲ್ಲೇ ಎಂಜಿನ್ನನ್ನು ಅಡ್ಡ ತಿರುಗಿಸಿ ಮುಂದಿನ ಚಕ್ರಗಳ ಮೇಲೆ ಕೂರಿಸಿದ್ದರು. ಎಳೆಯುವ ಚಕ್ರದ ಮೇಲೆಯೇ ಭಾರ, ಆ ಚಕ್ರಕ್ಕೆ ಕಿರಿದಾದ ಟೈರು, ಒಟ್ಟು ತೂಕ ಕಡಿಮೆ. ಮುಂದೆ 1968ರಿಂದ ಸತತ ಮೂರು ವರ್ಷ ಅದೇ ರ್‍ಯಾಲಿ ಗೆದ್ದ ಪೋರ್ಷೆ 911 ಅಸಲಿ ಸ್ಪೋರ್ಟ್ಸ್ ಕಾರು. ಅದರ ಎಂಜಿನ್ನು ಹಿಂದೆ, ಎಳೆತವೂ ಹಿಂದೆ. ದಿಕ್ಕು ಬೇರೆ, ಸೂತ್ರ ಒಂದೇ.

ಆ ಸೂತ್ರ ಮಲೆನಾಡಿನ ಮನೆ ಅಂಗಳಕ್ಕೆ ಬಂದದ್ದು ಮಾರುತಿ 800ರ ರೂಪದಲ್ಲಿ. ಅದು ರಸ್ತೆಗಿಳಿದದ್ದು 1983ರ ಡಿಸೆಂಬರ್ 14ರಂದು. ಅಲ್ಲಿಯವರೆಗಿನ ಅಂಬಾಸಿಡರ್, ಫಿಯೆಟ್ ಎರಡಕ್ಕೂ ಎಂಜಿನ್ನು ಮುಂದೆ, ಎಳೆತ ಹಿಂದೆ. ಕೆಸರಿನಲ್ಲಿ ಹಿಂದಿನ ಚಕ್ರ ಸುಮ್ಮನೆ ಸುತ್ತುವುದನ್ನು ತಪ್ಪಿಸಲು ಡಿಕ್ಕಿಗೆ ಮರಳಿನ ಚೀಲ ಹೇರುವುದೇ ದಾರಿ. ಮಾರುತಿಗೆ ಆ ಚೀಲ ಬೇಡವಾಯಿತು. ಅದರ ಒಂದೇ ತೊಡಕು ಕಡಿದಾದ ಏರು. ಏರುವಾಗ ಭಾರ ಹಿಂದಕ್ಕೆ ವಾಲಿ ಮುಂದಿನ ಚಕ್ರ ಹಗುರಾಗುತ್ತದೆ. ಅಂಥ ಕಡೆ ಕಾರನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಏರಿಸಿದರೆ ಎಳೆಯುವ ಚಕ್ರ ಕೆಳಗಡೆಗೆ ಬಂದು ಭಾರ ಅದರ ಮೇಲೆ ಬೀಳುತ್ತದೆ. ಮುಂದಾಗಿ ಹತ್ತದ ಏರನ್ನು ಅದೇ ಕಾರು ಹಿಂದಾಗಿ ಹತ್ತುವುದು ಇದರಿಂದ.

ಈಚಿನ ಖಯಾಲಿ ಕಿರಿದಾದ ಟೈರಿನ ಸೂತ್ರಕ್ಕೆ ತದ್ವಿರುದ್ಧ. ಕಂಪನಿ ಕೊಟ್ಟ ಚಕ್ರ ಬಿಚ್ಚಿಸಿ, ಅಗಲವಾದ ಅಲಾಯ್ ಹಾಕಿಸಿ, ಅದು ಹಿಡಿತಕ್ಕೆ ಒಳ್ಳೆಯದೆಂದು ಹೇಳಿಕೊಳ್ಳುವುದು. ಒಣ ರಸ್ತೆಯಲ್ಲಿ ಆ ಮಾತು ನಡೆದೀತು. ನಿಂತ ನೀರಿನಲ್ಲಿ ಅಗಲದ ಟೈರು ಬೇಗ ತೇಲುತ್ತದೆ, ಲೋಳೆ ಮಣ್ಣಿನಲ್ಲಿ ಅದನ್ನು ಕತ್ತರಿಸದೆ ಮೇಲೆಯೇ ಸವಾರಿ ಮಾಡುತ್ತದೆ. ಹಿಮದ ರ್‍ಯಾಲಿಗಳಲ್ಲಿ ಇಂದಿಗೂ ಕಿರಿದಾದ ಟೈರನ್ನೇ ಆರಿಸುವುದು ಇದೇ ಕಾರಣಕ್ಕೆ. ಸ್ಪೋರ್ಟ್ಸ್ ಕಾರಿಗೆ ಹುಟ್ಟಿನಿಂದಲೇ ಅಗಲದ ಟೈರಾದ್ದರಿಂದ ಮಳೆಗಾಲದ ಹೆದ್ದಾರಿಯಲ್ಲಿ ಅದರ ವೇಗ ಇಳಿಸಲೇಬೇಕು. ಬಟನ್ 1.6 ಮಿಲಿಮೀಟರಿಗೆ ಸವೆದಾಗ ಟೈರಿನೊಳಗಿನ ಗುರುತು ಮೇಲೆ ಕಾಣುತ್ತದೆ. ಅದು ಕಾನೂನಿನ ಕೊನೆಯ ಗೆರೆ. ಆರಿದ್ರಾ ಮಳೆ ಹಿಡಿಯುವ ಮೊದಲು 3 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಟೈರು ಬದಲಿಸುವುದೇ ಸರಿ. ಉಳಿದದ್ದು ಬಲಗಾಲಿನ ಕೆಲಸ. ಇಳಿಜಾರಿನಲ್ಲಿ ಮೊದಲೇ ಸೆಕೆಂಡ್ ಗೇರಿಗೆ ಇಳಿಸುವುದು, ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸುವುದು, ಚಕ್ರ ಸುತ್ತತೊಡಗಿದರೆ ಆಕ್ಸಿಲರೇಟರ್ ಬಿಡುವುದು. ರೇಸ್ ಕೊಟ್ಟಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಎರಡನೆಯ ಮಾತು ತಳದ್ದು. ಇಲ್ಲಿ ಅರ್ಧ ಗೇಣಿನ ಕಾರು ನಿಜಕ್ಕೂ ಸೋಲುತ್ತದೆ. ಆದರೆ ಸೋಲಿಸುವುದು ಮಳೆಯಲ್ಲ, ರಸ್ತೆಯ ಹಂಪು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಬಾಗು 17 ಮೀಟರ್ ತ್ರಿಜ್ಯದ್ದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.4 ಮೀಟರ್ ಅಂತರವಿರುವ ಕಾರು ಅದರ ನೆತ್ತಿಯ ಮೇಲಿರುವಾಗ ನಾಲ್ಕೂ ಚಕ್ರ ಹಂಪಿನ ಮೇಲೆಯೇ ಇರುತ್ತವೆ. ತಳದ ಕಡೆಗೆ ಉಬ್ಬುವುದು 42 ಮಿಲಿಮೀಟರ್ ಮಾತ್ರ. 110 ಮಿಲಿಮೀಟರಿನ ಕಾರು ಸಲೀಸಾಗಿ ದಾಟುತ್ತದೆ. ಊರೂರಿನ ಬಾಗಿಲಲ್ಲಿ ರಾತ್ರೋರಾತ್ರಿ ಏಳುವ ಹಂಪು ಈ ಅಳತೆಯದಲ್ಲ. ಒಂದು ಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರದ ಗುಡ್ಡೆ ಎರಡು ಚಕ್ರಗಳ ನಡುವೆ ಇಡಿಯಾಗಿ ಹಿಡಿಸುತ್ತದೆ. ಆಗ ತಳ ತಗುಲಲೇಬೇಕು. ಮೊದಲು ಏಟು ತಿನ್ನುವುದು ಎಂಜಿನ್ನಿನ ಕೆಳಗಿನ ಆಯಿಲ್ ಚೇಂಬರ್, ಆಮೇಲೆ ಸೈಲೆನ್ಸರ್. ಚೇಂಬರ್ ಸೀಳಿ ಆಯಿಲ್ ಸೋರಿದ ಎಂಜಿನ್ನು ಕೆಲವು ನಿಮಿಷಗಳಲ್ಲಿ ಜಾಮ್ ಆಗುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ರ್‍ಯಾಲಿಗಳಿಗೆ ಬರುವ ಪುಟ್ಟ ಕಾರುಗಳೂ ಚೇಂಬರಿನ ಕೆಳಗೆ ದಪ್ಪ ಲೋಹದ ತಟ್ಟೆ ಕಟ್ಟಿಕೊಂಡೇ ಬರುತ್ತವೆ. ಅದಿಲ್ಲದವರಿಗೆ ಉಳಿದದ್ದು ಓರೆಯಾಗಿ ದಾಟುವ ಉಪಾಯ: ಒಂದೊಂದೇ ಚಕ್ರ ಹಂಪೇರುವಂತೆ ಸ್ಟೇರಿಂಗ್ ತಿರುಗಿಸಿದರೆ ಕಾರು ಸ್ವಲ್ಪ ವಾಲಿ, ಕೆಲವು ಬೆರಳಗಲ ಜಾಗ ಸಿಗುತ್ತದೆ.

ಅಡಿಕೆ ತೋಟದ ದಾರಿಯಲ್ಲಿ ಟ್ರ್ಯಾಕ್ಟರಿನ ಜಾಡು ಬಿದ್ದು ನಡುವೆ ದಿಂಡು ಎದ್ದಿರುತ್ತದೆ. ಅಲ್ಲಿ ಜಾಡಿಗಿಳಿಯದೆ ಒಂದು ಬದಿಯ ಚಕ್ರವನ್ನು ದಿಂಡಿನ ಮೇಲೆ, ಇನ್ನೊಂದನ್ನು ಅಂಚಿನ ಮೇಲೆ ನಡೆಸಬೇಕು. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ, ಅದು ಬಾಗಿಲ ಕೆಳಗಂಚಿಗೆ ಬರುವಷ್ಟಿದ್ದರೆ, ಕಾರು ತಿರುಗಿಸುವುದೊಂದೇ ದಾರಿ. ಎರೆನೆಲದಲ್ಲಿ ಓಡಾಡಿ ಹೆದ್ದಾರಿ 69ಕ್ಕೆ ಹತ್ತಿದ ಮೇಲೆ, ವೇಗ 80 ಮುಟ್ಟುತ್ತಿದ್ದಂತೆ ಸ್ಟೇರಿಂಗ್ ಗಡಗಡ ನಡುಗಿದರೆ ಗ್ಯಾರೇಜಿಗೆ ಓಡಬೇಕಾಗಿಲ್ಲ. ರಿಮ್ಮಿನ ಒಳಮೈಗೆ ಮೆತ್ತಿದ ಮಣ್ಣು ಒಣಗಿ ಚಕ್ರದ ತೂಕ ಒಂದು ಕಡೆಗೆ ಎಳೆದಿರುತ್ತದೆ. ಬದಿಗೆ ನಿಲ್ಲಿಸಿ ಕಡ್ಡಿಯಿಂದ ಕೆರೆದು ತೆಗೆದರೆ ನಡುಕ ನಿಲ್ಲುತ್ತದೆ.