ಕಮಾನು ಹೊಸದು, ತೂಗಾಟವೂ ಹೊಸದು

ಹೊಸ ಕಮಾನುಗಳನ್ನು ಹಾಕಿಸಿಕೊಂಡು ಗ್ಯಾರೇಜಿನಿಂದ ಹೊರಬಿದ್ದ ಲಾರಿಯು ಮಾಲೀಕನಿಗೆ ಆನಂದವನ್ನೂ ಚಾಲಕನಿಗೆ ಸಂದೇಹವನ್ನೂ ಏಕಕಾಲದಲ್ಲಿ ಉಂಟುಮಾಡುವುದು ಅಪರೂಪವಲ್ಲ. ಖಾಲಿ ಗಾಡಿಯಲ್ಲಿ ಪಕ್ಕಕ್ಕೆ ಕುಳಿತು ಊರ ಹೊರಗಿನವರೆಗೆ ಹೋಗಿಬಂದ ಮಾಲೀಕನು, ಮೂಳೆ ಮೂಳೆಯನ್ನೂ ಕುಲುಕುತ್ತಿದ್ದ ವಾಹನ ಇಷ್ಟು ಮೆತ್ತಗಾಯಿತಲ್ಲಾ ಎಂದು ಹಿಗ್ಗುತ್ತಾನೆ. ಸ್ಟೀರಿಂಗು ಹಿಡಿದವನಾದರೋ, ಸಕಲೇಶಪುರವನ್ನು ದಾಟಿ ಶಿರಾಡಿ ಘಾಟಿಯ ಇಳಿಜಾರಿನಲ್ಲಿ ತುಂಬಿದ ಗಾಡಿಯನ್ನು ತಿರುವಿಗೆ ಒಡ್ಡಿದಾಗ, ಒಂದು ಮಗ್ಗುಲಿಗೆ ವಾಲಿದ ಮೈ ಸಕಾಲದಲ್ಲಿ ಹಿಂದಿರುಗದೆ, ಎದುರು ತಿರುವು ಬಂದ ಮೇಲೂ ಹಿಂದಿನ ತಿರುವಿನ ನೆನಪಿನಲ್ಲೇ ತೂಗಾಡುತ್ತಿರುವುದನ್ನು ಕಂಡು, ಮರಳಿ ಬಂದೊಡನೆ ಮೇಸ್ತ್ರಿಯ ಮುಂದೆ "ಗಾಡಿ ತೇಲ್ತದೆ ಅಣ್ಣಾ" ಎಂದು ದೂರುತ್ತಾನೆ. ಮೇಸ್ತ್ರಿಯ ಉತ್ತರ ಸಿದ್ಧವಾಗಿರುತ್ತದೆ: ಇನ್ನೊಂದು ಪ್ಲೇಟು ಸೇರಿಸೋಣ.

ಆ ಪ್ಲೇಟನ್ನು ಸೇರಿಸಬಾರದೆಂಬುದೇ ಈ ವಾರದ ನನ್ನ ವಾದ. ಕಮಾನು ಎಂಬುದು, ಪಡೆದ ಹಣವನ್ನು ಒಂದು ಕಾಸೂ ಕಡಿಮೆಮಾಡದೆ ಹಿಂದಿರುಗಿಸುವ ಸಾಲಗಾರನಂತೆ, ರಸ್ತೆಯಿಂದ ಪಡೆದ ಆಘಾತವನ್ನು ಕ್ಷಣಕಾಲ ತನ್ನಲ್ಲಿ ಹುದುಗಿಸಿಕೊಂಡು, ಮರುಕ್ಷಣ ಹಾಗೆಯೇ ಮೇಲಕ್ಕೆ ಒಪ್ಪಿಸುತ್ತದೆ. ಆ ಶಕ್ತಿಯನ್ನು ಎಲ್ಲಿಯಾದರೂ ವ್ಯಯಮಾಡದ ಹೊರತು ಗಾಡಿಯ ತೂಗಾಟ ನಿಲ್ಲದು. ವ್ಯಯಮಾಡುವ ಕಾರ್ಯ ಶಾಕ್ ಅಬ್ಸಾರ್ಬರಿನದು, ಇಲ್ಲವೆ ಘರ್ಷಣೆಯದು. ಮೃದುವಾದ ಕಮಾನಿದ್ದೂ ತೇಲದ ವಾಹನವುಂಟು, ಬಿರುಸಾದ ಕಮಾನಿದ್ದೂ ತೇಲುವ ವಾಹನವುಂಟು.

ಈ ಘರ್ಷಣೆಯ ಕಥೆ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ಎಂಟು ಹತ್ತು ಪಟ್ಟಿಗಳನ್ನು ಒಂದರಡಿ ಒಂದು ಜೋಡಿಸಿದ ಹಳೆಯ ಮಾದರಿಯ ಕಮಾನಿನಲ್ಲಿ, ಭಾರ ಬಿದ್ದಾಗ ಪ್ರತಿಯೊಂದು ಪಟ್ಟಿಯೂ ತನ್ನ ನೆರೆಯ ಪಟ್ಟಿಯ ಮೇಲೆ ಜಾರುತ್ತದೆ. ತುಕ್ಕು ಹಿಡಿದು, ಧೂಳು ತುಂಬಿ, ವರ್ಷಗಟ್ಟಲೆ ಉಜ್ಜಾಡಿದ ಆ ಉಕ್ಕಿನ ಮೈಗಳ ನಡುವಣ ತಿಕ್ಕಾಟವೇ ತೂಗಾಟವನ್ನು ನುಂಗುತ್ತ ಬರುತ್ತದೆ. ಹಿಂದಿನ ಆಕ್ಸಲಿಗೆ ಶಾಕ್ ಅಬ್ಸಾರ್ಬರನ್ನೇ ಕೊಡದೆ ತಯಾರಾದ ಭಾರಿ ಲಾರಿಗಳು ನಮ್ಮ ರಸ್ತೆಗಳಲ್ಲಿ ಅಸಂಖ್ಯವಾಗಿ ಓಡಿದುದು ಈ ತಿಕ್ಕಾಟದ ಬಲದಿಂದಲೇ. ಈಗ ಅದನ್ನು ಬಿಚ್ಚಿ, ನಡುವೆ ದಪ್ಪವಾಗಿಯೂ ತುದಿಗೆ ತೆಳುವಾಗಿಯೂ ಇರುವ ಎರಡು ಮೂರು ಪಟ್ಟಿಗಳ ಪ್ಯಾರಾಬೋಲಿಕ್ ಕಮಾನನ್ನು ಹಾಕಿಸಿದಿರೆನ್ನಿ: ಈ ಪಟ್ಟಿಗಳು ನಡುವಿನಲ್ಲಿಯೂ ತುದಿಗಳಲ್ಲಿಯೂ ಹೊರತು ಮತ್ತೆಲ್ಲಿಯೂ ಪರಸ್ಪರ ಸ್ಪರ್ಶಿಸುವುದಿಲ್ಲವಾದುದರಿಂದ, ತಿಕ್ಕಾಟ ಬಹುಮಟ್ಟಿಗೆ ಮಾಯವಾಗುತ್ತದೆ. ಸಣ್ಣ ಸಣ್ಣ ಕುಳಿಗಳ ಕುಲುಕಾಟ ಅಡಗಿದುದೂ ಆ ಕಾರಣದಿಂದಲೇ, ದೊಡ್ಡ ತಗ್ಗಿನ ಬಳಿಕ ಗಾಡಿ ತೇಲುವುದೂ ಆ ಕಾರಣದಿಂದಲೇ. ಎಷ್ಟೋ ಕಾಲದ ಹಿಂದೆಯೇ ಸತ್ತುಹೋಗಿದ್ದ ಶಾಕ್ ಅಬ್ಸಾರ್ಬರಿನ ಸಾವನ್ನು ಹಳೆಯ ಕಮಾನು ಮುಚ್ಚಿಟ್ಟಿತ್ತು. ಹೊಸದು ಬಯಲುಮಾಡಿತು, ಅಷ್ಟೆ. ಹಳೆಯ ಮಾದರಿಯ ಕಮಾನನ್ನೇ ಹೊಸದಾಗಿ ಕಟ್ಟಿಸಿ, ಪಟ್ಟಿಗಳ ನಡುವೆ ಗ್ರ್ಯಾಫೈಟ್ ಗ್ರೀಸು ಸವರಿಸಿದವರೂ ಇದೇ ಲಕ್ಷಣವನ್ನು ಕಿಂಚಿತ್ ಪ್ರಮಾಣದಲ್ಲಿ ಕಾಣುವರು.

ಪರೀಕ್ಷೆಯ ವಿಷಯ. ಭಾರಕ್ಕೆ ಕಮಾನು ಎಷ್ಟು ಕುಗ್ಗಿದೆಯೆಂಬುದನ್ನು ಸೆಂಟಿಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲದಿಂದ 300ನ್ನು ಭಾಗಿಸಿದರೆ, ಆ ವಾಹನ ನಿಮಿಷಕ್ಕೆ ಸರಿಸುಮಾರು ಎಷ್ಟು ಸಲ ತೂಗಾಡಲು ಇಚ್ಛಿಸುವುದೆಂಬ ಲೆಕ್ಕ ಸಿಗುತ್ತದೆ. ಖಾಲಿಯಲ್ಲಿ 4 ಸೆಂಟಿಮೀಟರು ಕುಗ್ಗುವ ಕಮಾನಿನ ಮೇಲೆ ಗಾಡಿ 150 ಸಲ ತೂಗಿದರೆ, ತುಂಬಿದಾಗ ಅದೇ ಕಮಾನು 9 ಸೆಂಟಿಮೀಟರು ಕುಗ್ಗಿ, ತೂಗಾಟ 100ಕ್ಕೆ ಇಳಿಯುತ್ತದೆ. ಮೇಲಾಗಿ, ತುಂಬಿದ ಗಾಡಿಯನ್ನು ತಡೆಯಲು ಅದೇ ಶಾಕ್ ಅಬ್ಸಾರ್ಬರಿನ ಸಾಮರ್ಥ್ಯ, ಪ್ರಮಾಣದಲ್ಲಿ, ಖಾಲಿಯಲ್ಲಿದ್ದುದರ ಮೂರರಲ್ಲೆರಡು ಪಾಲು ಮಾತ್ರ. ಆದುದರಿಂದ ಖಾಲಿ ಲಾರಿಯನ್ನು ಗ್ಯಾರೇಜಿನ ಮುಂದೆ ಓಡಿಸಿ ತೀರ್ಪು ಕೊಡುವ ಮಾಲೀಕನ ಪದ್ಧತಿ ನಿಷ್ಪ್ರಯೋಜಕ. ಚಾಲಕನ ಮಾತಿಗೇ ಕಿವಿಗೊಡತಕ್ಕದ್ದು. ಮಾಮೂಲಿನ ಭಾರವನ್ನು ಹೇರಿ, ಸೇತುವೆಯೊಂದರ ತುದಿಯಲ್ಲಿ ಮಣ್ಣು ಕುಸಿದು ಉಂಟಾಗಿರುವ ತಗ್ಗಿನ ಮೇಲೆ ಹದವಾದ ವೇಗದಲ್ಲಿ ಹಾಯಿಸಿ, ಹಿಂದಿನಿಂದ ಒಬ್ಬನು ನೋಡುತ್ತಿರಲಿ. ಆರೋಗ್ಯವಾದ ಗಾಡಿ ಒಮ್ಮೆ ಮುಳುಗಿ, ಒಮ್ಮೆ ಎದ್ದು, ಬಹುತೇಕ ಸುಮ್ಮನಾಗುತ್ತದೆ. ಮೂರನೆಯ ಸಲವೂ ಕಣ್ಣಿಗೆ ಕಾಣುವಂತೆ ತಲೆಯಾಡಿಸಿದರೆ ಶಾಕ್ ಅಬ್ಸಾರ್ಬರು ಕೆಲಸಮಾಡುತ್ತಿಲ್ಲ. ನಾಲ್ಕಾರು ಮೈಲಿ ಕೆಟ್ಟ ರಸ್ತೆಯಲ್ಲಿ ಓಡಿಸಿದೊಡನೆ ಇಳಿದು ಅದರ ಕೊಳವೆಯನ್ನು ಜಾಗರೂಕತೆಯಿಂದ ಮುಟ್ಟಿನೋಡಿದರೆ ಅದು ಬೆಚ್ಚಗಿರಬೇಕು, ಏಕೆಂದರೆ ತೂಗಾಟದ ಶಕ್ತಿ ಅಲ್ಲಿ ಶಾಖವಾಗಿ ಪರಿಣಮಿಸುತ್ತದೆ. ಎಡಗಡೆಯದು ಬಿಸಿಯಾಗಿ ಬಲಗಡೆಯದು ತಣ್ಣಗಿದ್ದರೆ ಅಪರಾಧಿ ಯಾರೆಂದು ಬೇರೆ ಹೇಳಬೇಕಿಲ್ಲ.

ಶಾಕ್ ಅಬ್ಸಾರ್ಬರೂ ಹೊಸದೇ ಎಂದು ಮೇಸ್ತ್ರಿ ಆಣೆಯಿಟ್ಟರೂ ನಂಬಿ ಸುಮ್ಮನಾಗಬೇಡಿ. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಅಡ್ಡಲಾಗಿ ಮಲಗಿದ್ದ ಜೋಡಿ ಕೊಳವೆಯ ಶಾಕ್ ಅಬ್ಸಾರ್ಬರಿನಲ್ಲಿ ಗಾಳಿಯು ಎಣ್ಣೆಯ ಕೋಣೆಯನ್ನು ಹೊಕ್ಕಿರುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಿ, ಹಲವು ಬಾರಿ ಪೂರ್ತಿಯಾಗಿ ಎಳೆದು ಅದುಮಿ, ನಡುವೆ ಎಲ್ಲಿಯೂ ಪೊಳ್ಳೆನಿಸದಂತಾದ ಮೇಲೆಯೇ ಕೂರಿಸಬೇಕು. ಅವಸರದಲ್ಲಿ ತಲೆಕೆಳಗಾಗಿ ಕೂರಿಸಿದ್ದರಂತೂ ಅದು ಇದ್ದೂ ಇಲ್ಲದಂತೆ.

ಕಮಾನಿನ ಮೇಲೆಯೇ ಸಂಶಯವಿದ್ದರೆ ಪಟ್ಟಿಯ ದಪ್ಪವನ್ನು ಅಳೆಯಿರಿ. ಎಣಿಕೆಯನ್ನಷ್ಟೇ ನೋಡಿ ಮೋಸಹೋಗಬೇಡಿ. ಬಿರುಸು ದಪ್ಪದ ಘನದ ಪ್ರಮಾಣದಲ್ಲಿ ಏರಿಳಿಯುವುದರಿಂದ, 10 ಮಿಲಿಮೀಟರಿನ ಪಟ್ಟಿಯಿರಬೇಕಾದ ಕಡೆ 9ರದನ್ನು ಹಾಕಿದರೆ ನಷ್ಟ ಹತ್ತರಲ್ಲೊಂದು ಪಾಲಲ್ಲ, ಕಾಲುಪಾಲಿಗಿಂತಲೂ ಅಧಿಕ. ಗುಜರಿಯ ಪಟ್ಟಿಗಳನ್ನು ಬೆರೆಸಿ ಕಟ್ಟುವ ಅಂಗಡಿಗಳಲ್ಲಿ ಈ ಒಂದು ಮಿಲಿಮೀಟರನ್ನು ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಹಿಂದಿನ ಜೋಡಿಯನ್ನು ಮಾತ್ರ ಬದಲಿಸಿದವರಿಗೆ ಇನ್ನೊಂದು ಸಂಕಟ ಕಾದಿರುತ್ತದೆ. ರೋಲ್ಸ್ ರಾಯ್ಸಿನಿಂದ 1930ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಂಪನಿಗೆ ಬಂದ ಮಾರಿಸ್ ಆಲಿ ಎಂಬ ಆಂಗ್ಲ ಎಂಜಿನಿಯರು, ತೂಕಗಳನ್ನು ಅತ್ತಿತ್ತ ಸರಿಸಬಹುದಾದ ಕಾರೊಂದನ್ನು ಕಟ್ಟಿ ಪ್ರಯೋಗಿಸಿ ಕಂಡುಕೊಂಡ ತತ್ತ್ವ ಇದು: ತಗ್ಗನ್ನು ಮೊದಲು ಮುಟ್ಟುವುದು ಮುಂದಿನ ಚಕ್ರವಾದುದರಿಂದ, ತಡವಾಗಿ ಹೊರಟ ಹಿಂಭಾಗವು ಮುಂಭಾಗಕ್ಕಿಂತ ತುಸು ತ್ವರಿತವಾಗಿ ತೂಗಿದರೆ ಮಾತ್ರ ಎರಡೂ ಸೇರಿ ಸಮತಲವಾಗಿ ಏರಿಳಿದಾವು. ಹಿಂಭಾಗವನ್ನು ಮಾತ್ರ ಮೆತ್ತಗೆಮಾಡಿದ ಗಾಡಿಯಲ್ಲಿ ಈ ಕ್ರಮ ತಿರುಗುಮುರುಗಾಗಿ, ಮೂತಿ ಏಳುವಾಗ ಬಾಲ ಮುಳುಗುತ್ತ, ಚಾಲಕನ ಹೊಟ್ಟೆಯೂ ಅದರೊಡನೆ ಏರಿಳಿಯುತ್ತದೆ.

ಕಡೆಯದಾಗಿ, ಮೈ ತೂಗದೆ ಗಾಡಿ ಮಾತ್ರ ರಸ್ತೆಯಲ್ಲಿ ಅತ್ತಿತ್ತ ಅಲೆದರೆ ಅದನ್ನೂ ಚಾಲಕರು ತೇಲುವುದೆಂದೇ ಕರೆಯುತ್ತಾರೆ. ಆದರೆ ಆ ರೋಗ ಬೇರೆ. ಮುಂದಿನ ಆಕ್ಸಲಿಗೂ ಕಮಾನಿಗೂ ನಡುವೆ ಇಡುವ ಬೆಣೆಯನ್ನು ಹಿಂದುಮುಂದಾಗಿ ಇಟ್ಟರೆ, ಇಲ್ಲವೆ ಹಿಂದಿನ ಹೊಸ ಕಮಾನಿನ ಬಾಗು ಹೆಚ್ಚಿ ಗಾಡಿಯ ಮೂತಿ ತಗ್ಗಿದರೆ, ಚಕ್ರಗಳನ್ನು ತಾವಾಗಿ ನೆಟ್ಟಗೆ ತರುವ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಯು ಬೋಲ್ಟುಗಳನ್ನೂ ನೋಡಿರಿ. ಹೊಸ ಪಟ್ಟಿಗಳು ಮೊದಲ ಭಾರಕ್ಕೆ ಒಂದರ ಮೇಲೊಂದು ಕೂತುಕೊಂಡು ಬೋಲ್ಟಿನ ಬಿಗಿ ಸಡಿಲುವುದರಿಂದ, ಒಂದು ಲೋಡು ಇಳಿಸಿ ಬಂದ ಮೇಲೆ ಅವನ್ನು ಮತ್ತೊಮ್ಮೆ ಬಿಗಿಸಬೇಕು. ಬಿಗಿಸದಿದ್ದರೆ ಆಕ್ಸಲು ಕಮಾನಿನ ಮೇಲೆ ಕದಲಿ, ಸೆಂಟರ್ ಬೋಲ್ಟು ತುಂಡಾಗಿ, ಘಾಟಿಯ ನಡುವೆಯೇ ಗಾಡಿ ಅಡ್ಡಡ್ಡ ನಡೆಯಲಾರಂಭಿಸುತ್ತದೆ.