ಹಾಡಿನಿಂದ ಹಾಡಿಗೆ: ಜೇಮ್ಸ್ ಜಾಯ್ಸ್ ಮತ್ತು ಪ್ರದರ್ಶನ ಕಲೆಗಳು

ಆಧುನಿಕತಾವಾದಿ ಲೇಖಕನೊಬ್ಬ ಸಂಗೀತ, ನೃತ್ಯ, ಚಲನಚಿತ್ರಗಳ ಮೇಲೆ ಬೀರಿದ ಪ್ರಭಾವವನ್ನು ವಿವೇಚಿಸುವಾಗ ವಿಮರ್ಶೆಯು ಸಾಮಾನ್ಯವಾಗಿ ಆತನ ಮುದ್ರಿತ ಕೃತಿಯಿಂದಲೇ ಆರಂಭಿಸುತ್ತದೆ. ಐರ್ಲೆಂಡಿನ ಜೇಮ್ಸ್ ಜಾಯ್ಸ್‌ನ (1882–1941) ಸಂದರ್ಭದಲ್ಲಿ ಈ ಕ್ರಮ ಸಾಲದು. ಅಲ್ಲಿ ಕೃತಿಗಿಂತ ಮೊದಲೇ ಹಾಡು ಇತ್ತು.

ಜಾಯ್ಸ್ ಸ್ವತಃ ಗಾಯಕ. 1904ರಲ್ಲಿ ಡಬ್ಲಿನ್ನಿನ ಸಂಗೀತ ಸ್ಪರ್ಧೆಯೊಂದರಲ್ಲಿ ಕಂಚಿನ ಪದಕ ಪಡೆದಿದ್ದವನು. 1939ರ ‘ಫಿನೆಗನ್ಸ್ ವೇಕ್’ ತನ್ನ ಹೆಸರನ್ನು ಹತ್ತೊಂಬತ್ತನೆಯ ಶತಮಾನದ ಜನಪ್ರಿಯ ಹಾಡೊಂದರಿಂದ ಪಡೆದಿದೆ. ಏಣಿಯಿಂದ ಬಿದ್ದು ಸತ್ತನೆಂದು ತಿಳಿಯಲಾದ ಕೂಲಿಕಾರನೊಬ್ಬ, ಶವಜಾಗರಣೆಯ ಗದ್ದಲದಲ್ಲಿ ಮೈಮೇಲೆ ವಿಸ್ಕಿ ಚೆಲ್ಲಿದೊಡನೆ ಎದ್ದು ಕೂರುವ ನಗೆಗೀತೆಯದು. ಅದರ ಸಾವು–ಮರುಹುಟ್ಟಿನ ಆಶಯವೇ ಕಾದಂಬರಿಯ ಚಕ್ರಾಕಾರದ ಬಂಧದಲ್ಲಿಯೂ ವ್ಯಾಪಿಸಿದೆ. ‘ಡಬ್ಲಿನರ್ಸ್’ (1914) ಸಂಕಲನದ ‘ದಿ ಡೆಡ್’ ಕಥೆಯಲ್ಲಿ, ಚೈಲ್ಡ್ ಸಂಗ್ರಹದ 76ನೆಯ ಕಥನಗೀತೆಯ ಐರಿಷ್ ಪಾಠಾಂತರವೊಂದು ಗ್ರೆಟಾಳಲ್ಲಿ ಮೃತ ಪ್ರೇಮಿಯ ನೆನಪನ್ನು ಎಬ್ಬಿಸುತ್ತದೆ. ಗಂಡನ ಮಾತು ಮುಟ್ಟದ ಆಳವನ್ನು ಹಾಡು ಮುಟ್ಟುತ್ತದೆ. ಜಾನ್ ಹ್ಯೂಸ್ಟನ್‌ನ 1987ರ ಚಲನಚಿತ್ರವು ಪುಟದಲ್ಲಿ ಮೌನವಾಗಿದ್ದ ಆ ಗೀತೆಗೆ ಕಂಠವನ್ನು ಮರಳಿಸಿತು.

ಸಂಗೀತದಲ್ಲಿ ಈ ಮರುಪಯಣ ಎರಡು ಬಗೆಯಾಗಿದೆ. 1958ರಲ್ಲಿ ಲೂಚಾನೋ ಬೆರಿಯೊ ‘ಯೂಲಿಸಿಸ್’ನ (1922) ‘ಸೈರನ್ಸ್’ ಅಧ್ಯಾಯದ ವಾಚನವನ್ನು ಧ್ವನಿಸುರುಳಿಯಲ್ಲಿ ತುಂಡರಿಸಿ, ಪದಗಳು ಅರ್ಥ ಕಳೆದುಕೊಂಡು ನಾದವಾಗುವವರೆಗೆ ಸಂಸ್ಕರಿಸಿದ. ಇಲ್ಲಿ ಪಠ್ಯವಿದೆ, ಪರಂಪರೆಯಿಲ್ಲ. ಜಾನ್ ಕೇಜ್‌ನ ‘ರೋರಟೋರಿಯೊ’ (1979) ಭಿನ್ನ. ‘ಫಿನೆಗನ್ಸ್ ವೇಕ್’ ಹೆಸರಿಸುವ ಸ್ಥಳಗಳ ಸದ್ದುಗಳೊಂದಿಗೆ ಅದು ಕಾನ್ನೆಮಾರಾದ ಮೌಖಿಕ ಪರಂಪರೆಯ ಗಾಯಕ ಜೋ ಹೀನಿಯ ಹಾಡುಗಾರಿಕೆಯನ್ನೂ ಒಳಗೊಂಡಿತು. 1983ರಲ್ಲಿ ಮರ್ಸ್ ಕನಿಂಗ್‌ಹ್ಯಾಮ್ ಅದಕ್ಕೆ ನೃತ್ಯ ಸಂಯೋಜಿಸಿದ. ಹೀನಿಯ ಕಂಠವನ್ನು ಅಲಂಕಾರವೆಂದು ಭಾವಿಸುವುದು ತಪ್ಪು. ಪುಸ್ತಕವನ್ನು ಹೊಕ್ಕಿದ್ದ ಪರಂಪರೆಯೇ ಅಲ್ಲಿ ಮತ್ತೆ ಹೊರಬಂದಿದೆ. ಆದರೂ ಕೃತಿ ಕೇಜ್‌ನ ಹೆಸರಿನಲ್ಲಿಯೇ ಉಳಿದಿದೆ.

ಒಡೆತನದ ಈ ಪ್ರಶ್ನೆ ಬೇರೊಂದೆಡೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ‘ಯೂಲಿಸಿಸ್’ನ ಮಾಲಿ ಬ್ಲೂಮ್‌ಳ ಸ್ವಗತವನ್ನು ಹಾಡಲು ಬಯಸಿದ ಗಾಯಕಿ ಕೇಟ್ ಬುಷ್‌ಗೆ ಹಕ್ಕುದಾರರ ಅನುಮತಿ ದೊರೆಯಲಿಲ್ಲ. 1989ರ ‘ದಿ ಸೆನ್ಸುಯಲ್ ವರ್ಲ್ಡ್’ ಸ್ವಂತ ಪದಗಳಿಂದಲೇ ರೂಪುಗೊಂಡಿತು. ಅನುಮತಿ ಲಭಿಸಿ ಮೂಲದ ಪದಗಳೊಡನೆ ಗೀತೆ ಹೊರಬಂದದ್ದು 2011ರಲ್ಲಿ. ಯಾರ ಅಪ್ಪಣೆಯೂ ಬೇಕಿಲ್ಲದ ಜನರ ಹಾಡುಗಳನ್ನುಂಡು ಬೆಳೆದ ಬರಹ, ತಾನು ಹಾಡಾಗಲು ಎರಡು ದಶಕಗಳಿಗೂ ಹೆಚ್ಚು ಕಾಲ ಅಪ್ಪಣೆಗಾಗಿ ಕಾಯಬೇಕಾಯಿತು.

ಆದುದರಿಂದ ಜಾಯ್ಸ್‌ನ ‘ಪ್ರಭಾವ’ವನ್ನು ಕೇವಲ ಕೊಡುಗೆಯೆಂದು ಎಣಿಸುವಂತಿಲ್ಲ. ಅದರಲ್ಲಿ ಒಂದು ಪಾಲು, ಹೆಸರಿಲ್ಲದ ಗಾಯಕರಿಂದ ಪಡೆದ ಸಾಲದ ಮರುಪಾವತಿ.